ತಮ್ಮನ ಪ್ಯಾಂಟಿನ ಐದು ಹೊಲಿಗೆ

ಗಂಡಸರ ಸೊಂಟದ ವಿಷಯದಲ್ಲಿ ನನಗೆ ಗೊತ್ತಿರುವಷ್ಟು ಅವರ ಹೆಂಡತಿಯರಿಗೂ ಗೊತ್ತಿರುವುದಿಲ್ಲ. ಮೂವತ್ತೊಂದು ವರ್ಷದಿಂದ ಟೇಪು ಹಿಡಿದು ಅಳೆಯುತ್ತಿದ್ದೇನೆ. ಮದುವೆಯಾದ ವರ್ಷ ಒಂದು ಇಂಚು, ಮೊದಲ ಮಗುವಿಗೆ ಇನ್ನೊಂದು, ಕುರ್ಚಿಯ ಕೆಲಸಕ್ಕೆ ಬಡ್ತಿ ಸಿಕ್ಕಿದರೆ ಎರಡು. ಉಸಿರು ಒಳಗೆಳೆದುಕೊಂಡು ನಿಂತು, "ಹೋದ ಸಲದಷ್ಟೇ ಇದೆ ಅಲ್ವಾ ಟೇಲರಮ್ಮ?" ಎಂದು ಕೇಳುವವರಿಗೆ "ಹೌದು ಹೌದು" ಎಂದು ಹೇಳಿ, ಎರಡಿಂಚು ಹೆಚ್ಚಿಗೆ ಬರೆದುಕೊಳ್ಳುವುದು ನನ್ನ ಕಸುಬಿನ ಮರ್ಯಾದೆ.

ಅಳತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ತಾರೀಖು, ಅದರ ಮುಂದೆ ಅಳತೆ. ಸಾಮಾನ್ಯವಾಗಿ ಅಂಕಿಗಳು ಏರುತ್ತಾ ಹೋಗುತ್ತವೆ, ದೊಡ್ಡ ಕಾಯಿಲೆ ಬಂದರೆ ಒಮ್ಮೆ ಇಳಿಯುತ್ತವೆ. ನನ್ನ ತಮ್ಮನ ಪುಟ ಮಾತ್ರ ಹಾಗಿರಲಿಲ್ಲ. ಮೂವತ್ತನಾಲ್ಕು, ಮೂವತ್ತು, ಮೂವತ್ತನಾಲ್ಕು, ಮೂವತ್ತು, ಮೂವತ್ತೈದು, ಇಪ್ಪತ್ತೊಂಬತ್ತು, ಮೂವತ್ತೈದು, ಇಪ್ಪತ್ತೊಂಬತ್ತು, ಮೂವತ್ತಾರು, ಇಪ್ಪತ್ತೆಂಟು. ಅಂಗಡಿಯ ಶಟರಿನ ಹಾಗೆ ಮೇಲೆ, ಕೆಳಗೆ. ಆರು ವರ್ಷ ಆ ಪುಟವನ್ನು ಬರೆದವಳು ನಾನೇ, ಓದದೆ ಬಿಟ್ಟವಳೂ ನಾನೇ.

ತಮ್ಮ ಹತ್ತು ವರ್ಷ ಸೈನ್ಯದಲ್ಲಿದ್ದ. ಬಿಟ್ಟು ಬಂದಾಗ ಅಮ್ಮ ಇನ್ನೂ ಬದುಕಿದ್ದಳು. ಅಷ್ಟು ದೊಡ್ಡ ಗಂಡಸಿನ ಅಂಗಿ ಬಿಚ್ಚಿಸಿ, ಎದೆ, ಬೆನ್ನು, ಕೈಕಾಲು ಎಲ್ಲ ತಿರುಗಿಸಿ ನೋಡಿ, "ಒಂದು ಗೀರೂ ಇಲ್ಲ, ಹೋದ ಹಾಗೇ ಬಂದಿದ್ದಾನೆ" ಎಂದು ನಿಟ್ಟುಸಿರು ಬಿಟ್ಟಳು. ನಾವೂ ಹಾಗೇ ನಂಬಿದೆವು. ಬಸ್ ಡಿಪೋದ ಟೈರು ವಿಭಾಗದಲ್ಲಿ ಕೆಲಸ ಸಿಕ್ಕಿತು. ಮದುವೆಯಾದ. ಮಗಳು ಹುಟ್ಟಿದಳು. ಅವಳಿಗೀಗ ಎಂಟು ವರ್ಷ, ನನ್ನನ್ನು ಅತ್ತೆ ಅತ್ತೆ ಎಂದು ಪೀಡಿಸಿ ಬಣ್ಣದ ಗುಂಡಿಗಳನ್ನೆಲ್ಲ ಡಬ್ಬಿಯಿಂದ ಖಾಲಿ ಮಾಡುತ್ತಾಳೆ.

ಅವನ ಊಟದ ರೀತಿ ಸೈನ್ಯದಿಂದ ಬಂದಾಗಿನಿಂದಲೂ ನಮಗೆಲ್ಲ ತಮಾಷೆಯ ವಸ್ತುವಾಗಿತ್ತು. ಮನೆಯಲ್ಲಿ ಬಡಿಸುವವನು ಅವನೇ. ಬೇಯಿಸಿದ ಮೊಟ್ಟೆ ಕತ್ತರಿಸಿದರೆ ಎರಡು ಹೋಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸಮ. ಎಲ್ಲರ ತಟ್ಟೆ ತುಂಬಿದ ಮೇಲೆ ಕೊನೆಗೆ ತನಗೆ. ಕೂತು ತಿನ್ನುವವನಲ್ಲ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಕಣ್ಣಿಟ್ಟು, ನಿಂತೇ ನುಂಗುವವನು. "ಯಾರಾದ್ರೂ ಕಿತ್ಕೊಂಡು ಹೋಗ್ತಾರೇನೋ ನಿನ್ನ ತಟ್ಟೆ?" ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ. ಆದರೆ ಕೆಲವು ತಿಂಗಳು ಆ ನಿಂತ ಊಟವೂ ಇರುತ್ತಿರಲಿಲ್ಲ. ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟು "ಹಸಿವಿಲ್ಲ" ಎನ್ನುತ್ತಿದ್ದ. ಹೆಂಡತಿ ಒತ್ತಾಯ ಮಾಡಿದರೆ ಡಿಪೋದಲ್ಲಿ ತಿಂದೆ ಎನ್ನುವುದು, ಡಿಪೋದವರು ಕರೆದರೆ ಮನೆಯಲ್ಲಿ ತಿಂದೆ ಎನ್ನುವುದು. ಎರಡು ಕಡೆಯವರೂ ಪರಸ್ಪರ ವಿಚಾರಿಸುವ ಸಂದರ್ಭ ಬರಲಿಲ್ಲ, ಅವನ ಸುಳ್ಳು ಹಾಯಾಗಿ ನಡೆಯಿತು.

ಇನ್ನು ಕೆಲವು ತಿಂಗಳು ಇದಕ್ಕೆ ತದ್ವಿರುದ್ಧ. ಒಂದು ಮಧ್ಯಾಹ್ನ ನಾನು ದಾರ ತರಲು ಹೋಗಿ ಅಂಗಡಿಗೆ ವಾಪಸು ಬಂದರೆ, ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಏನೋ ಸದ್ದು. ಸರಿಸಿದೆ. ತಮ್ಮ ಗೋಡೆಗೆ ಮುಖ ಮಾಡಿ ನಿಂತು ಇಡೀ ಒಂದು ಬ್ರೆಡ್ಡು ತಿನ್ನುತ್ತಿದ್ದ. ಅಗಿಯುತ್ತಿರಲಿಲ್ಲ, ತುರುಕುತ್ತಿದ್ದ. ಕೆಳಗೆ ಇನ್ನೊಂದು ಬ್ರೆಡ್ಡಿನ ಖಾಲಿ ಕವರು ಬಿದ್ದಿತ್ತು. ತಿರುಗಿ ನನ್ನನ್ನು ನೋಡಿದ ಆ ಮುಖ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ. ನಾನು ಏನು ಮಾಡಿದೆ? ಪರದೆ ಎಳೆದು, ಮಿಷನ್ನಿನ ಮುಂದೆ ಕೂತು, ಹೊಲಿಯುವುದೇನೂ ಇಲ್ಲದಿದ್ದರೂ ಜೋರಾಗಿ ತುಳಿದೆ. ಸದ್ದಿನಲ್ಲಿ ಅವನ ನಾಚಿಕೆ ಮುಚ್ಚಿಹೋಗಲಿ ಎಂದುಕೊಂಡೆ. ಆಗ ಅದು ಪ್ರೀತಿ ಎಂದೇ ನನಗೆ ಅನಿಸಿತ್ತು.

ಆ ಪ್ರೀತಿಯ ಇನ್ನೊಂದು ಕೆಲಸವೂ ಇತ್ತು. ಉಣ್ಣದ ತಿಂಗಳುಗಳಲ್ಲಿ ತಮ್ಮ ಡಿಪೋದ ಪ್ಯಾಂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. "ಅಕ್ಕಾ, ಸೊಂಟ ಸ್ವಲ್ಪ ಹಿಡಿದು ಕೊಡು. ಅವಳಿಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ." ನಾನು ಹಿಡಿದು ಕೊಡುತ್ತಿದ್ದೆ, ಅವನು ದಪ್ಪಗಾದಾಗ ಮತ್ತೆ ಬಿಚ್ಚಿ ಬಿಡುತ್ತಿದ್ದೆ. ನನ್ನ ಕೈಯ ಕೆಲಸವೆಂದರೆ ಹೊರಗಿನಿಂದ ನೋಡಿದವರಿಗೆ ಹೊಲಿಗೆ ಬಿಚ್ಚಿದ್ದೇ ಗೊತ್ತಾಗಬಾರದು. ಸೊಂಟ ಇಳಿಸಿದರೆ ಜೇಬುಗಳು ಹಿಂದಕ್ಕೆ ಸರಿದು ಗುಟ್ಟು ಬಿಟ್ಟುಕೊಡುತ್ತವೆ, ನಾನು ಜೇಬುಗಳನ್ನೂ ಬಿಚ್ಚಿ ಕೂರಿಸುತ್ತಿದ್ದೆ. ಅಂಗಿಯ ಭುಜ ಜಾರಬಾರದೆಂದು ಒಳಗೆ ತೆಳ್ಳನೆಯ ಪಟ್ಟಿ ಕೊಟ್ಟೆ. ಕಾಲರು ಕತ್ತಿಗೆ ಸರಿಯಾಗಿ ಕೂರುವ ಹಾಗೆ ಗುಂಡಿ ಸರಿಸಿದೆ. ಅವನು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ನನಗೇ ಹೆಮ್ಮೆ. ಹದಿನೈದು ಕಿಲೋ ಕಳೆದುಕೊಂಡ ಮನುಷ್ಯ ಎಂದು ಯಾರೂ ಹೇಳಲಾರರು.

ಅವನು ಆಸ್ಪತ್ರೆಗೆ ಹೋಗಲಿಲ್ಲವೆಂದಲ್ಲ. ಹೆಂಡತಿ ಬಿಡುವವಳಲ್ಲ, ಎಳೆದುಕೊಂಡು ಹೋಗುತ್ತಿದ್ದಳು. ಒಬ್ಬರು ಗ್ಯಾಸ್ಟ್ರಿಕ್ ಎಂದರು. ಇನ್ನೊಬ್ಬರು ಬಾಯಿಯಿಂದ ಕೊಳವೆ ಇಳಿಸಿ ನೋಡಿ, ಹೊಟ್ಟೆ ಕನ್ನಡಿಯ ಹಾಗಿದೆ ಎಂದರು. ಥೈರಾಯ್ಡು ನೋಡಿದರು, ಸಕ್ಕರೆ ನೋಡಿದರು. ಊಟ ಸೇರದಿರುವುದೇ ಒಂದು ಕಾಯಿಲೆ ಇರಬಹುದಾ ಎಂದು ಹೆಂಡತಿ ಕೇಳಿದ್ದಕ್ಕೆ ಒಬ್ಬ ಡಾಕ್ಟರು, "ಅದು ತೆಳ್ಳಗಾಗ್ಬೇಕು ಅನ್ನೋ ಹುಡುಗೀರಿಗೆ ಬರೋದಮ್ಮ, ಟೈರು ಎತ್ತೋ ಗಂಡಸಿಗೆ ಎಲ್ಲಿಂದ ಬರುತ್ತೆ?" ಎಂದು ನಕ್ಕುಬಿಟ್ಟರಂತೆ. ಮತ್ತೊಬ್ಬರು ನಿದ್ದೆ ಹೇಗೆ ಎಂದು ಕೇಳಿ, ಎಂಟು ನಿಮಿಷ ಮಾತಾಡಿಸಿ, ಮನಸ್ಸಿಗೆ ಬೇಸರವಾಗಿದೆ ಎಂದು ಮಾತ್ರೆ ಬರೆದರು. ಹೊಟ್ಟೆಯವರು ಹೊಟ್ಟೆ ನೋಡಿದರು, ತಲೆಯವರು ತಲೆ ನೋಡಿದರು. ನಡುವಿನ ಗಂಟಲು ಯಾರ ಪಾಲಿಗೂ ಬರಲಿಲ್ಲ.

ಹೋದ ವರ್ಷ, ಶಾಲೆ ಶುರುವಾಗುವುದಕ್ಕೆ ಮುಂಚಿನ ತಿಂಗಳು. ನನಗದು ತಲೆ ಎತ್ತಲಾಗದ ಕಾಲ. ಮೂರು ಶಾಲೆಯ ಸಮವಸ್ತ್ರ, ರಾಶಿ ರಾಶಿ ನೀಲಿ ಲಂಗ, ಚಡ್ಡಿ. ಆ ಗಡಿಬಿಡಿಯಲ್ಲೇ ತಮ್ಮ ಪ್ಯಾಂಟು ತಂದಿದ್ದ, ಅಳತೆ ಬರೆದು ಹಿಡಿದು ಕೊಟ್ಟಿದ್ದೆ. ನಾಲ್ಕೇ ದಿನ. ಡಿಪೋದಲ್ಲಿ ಜಾಕಿನ ಮೇಲೆ ನಿಂತ ಬಸ್ಸಿನ ಪಕ್ಕ ಟೈರು ಉರುಳಿಸುತ್ತಿದ್ದವನು ಹಾಗೇ ಕುಸಿದ. ಒಂದು ಮೊಳ ಆಚೆ ಬಿದ್ದಿದ್ದರೆ ಬಸ್ಸಿನಡಿಗೆ ಹೋಗುತ್ತಿದ್ದ.

ಮಾರನೆಯ ಬೆಳಿಗ್ಗೆ ತಮ್ಮನ ಹೆಂಡತಿ ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಬಂದಳು. ಕೂರಲಿಲ್ಲ. ಚೀಲದಿಂದ ಅವನ ಪ್ಯಾಂಟು ತೆಗೆದು, ಒಳಗನ್ನು ಹೊರಗೆ ಮಾಡಿ, ನಾನು ಹೊಲಿಯುತ್ತಿದ್ದ ಲಂಗದ ಮೇಲೇ ಹಾಸಿದಳು. ಹಿಂಬದಿಯ ಹೊಲಿಗೆಯ ಪಕ್ಕ ಒಂದರ ಬದಿಗೊಂದು ಐದು ಸಾಲು. ಬಿಚ್ಚಿದ ಹಳೆಯ ದಾರದ ತೂತುಗಳು, ಹೊಸ ದಾರ.

"ಇದು ನಿಮ್ಮ ಕೈ ಅಲ್ವಾ ಅಕ್ಕಾ?"

ನಾನು ಮಿಷನ್ನಿನಿಂದ ಕಾಲು ತೆಗೆದೆ.

"ಬಟ್ಟೆ ಬಿಚ್ಚಿಸಿದ ನರ್ಸು ನನ್ನನ್ನ ಬೈದ್ರು. ಪಕ್ಕೆಲುಬು ಎಣಿಸೋ ಹಾಗಿದೆ, ಮನೇಲಿ ಇದ್ದೋರು ಕಣ್ಣು ಮುಚ್ಕೊಂಡಿದ್ರಾ ಅಂತ. ಅವರು ನನ್ನೆದುರು ಅಂಗಿ ತೆಗೆದು ಎಷ್ಟು ತಿಂಗಳಾಯ್ತೋ. ಪ್ಯಾಂಟು ಸರಿಯಾಗೇ ಕೂತಿದೆಯಲ್ಲ, ಮುಖ ಮಾತ್ರ ಇಳಿದಿದೆ, ಬಿಸಿಲಿನ ಕೆಲಸ ಅಂದ್ಕೊಂಡೆ. ಇನ್ನೊಂದು ಸಲ ಬಿದ್ರೆ ಹೃದಯ ನಿಂತು ಹೋಗ್ಬಹುದು ಅಂದಿದಾರೆ." ಅವಳು ಪ್ಯಾಂಟಿನ ಮೇಲೆ ಕೈ ಊರಿದಳು. "ಮೊನ್ನೆ ಮಗಳು ತಟ್ಟೆ ಮೇಲೆ ಕೈ ಅಡ್ಡ ಇಟ್ಟು ಹಸಿವಿಲ್ಲ ಅಂದ್ಲು. ಥೇಟ್ ಅವರ ಹಾಗೆ."

ನನಗೆ ಬಾಯಿ ಜೋರು. ಹುಳುಕು ಬಟ್ಟೆ ಕೊಟ್ಟ ವ್ಯಾಪಾರಿಯ ಬೆವರಿಳಿಸಿದವಳು ನಾನು. ಆದರೆ ತಮ್ಮನ ಹೆಂಡತಿಯ ಮುಂದೆ ಆ ಐದು ಸಾಲಿನ ಮೇಲೆ ಬೆರಳಾಡಿಸುತ್ತಾ ಕೂತೆ. ಹೆಮ್ಮೆಯಿಂದ ಹಾಕಿದ ಹೊಲಿಗೆ ಒಂದೊಂದೂ ನನ್ನನ್ನೇ ನೋಡುತ್ತಿತ್ತು. ತಮ್ಮ ಕರಗುತ್ತಿದ್ದುದನ್ನು ಊರಿಗೆಲ್ಲ ಕಾಣದ ಹಾಗೆ ಮುಚ್ಚಿದವಳು ನಾನು. ನಾನೊಬ್ಬಳು ದಡ್ಡ ಟೇಲರ್ ಆಗಿದ್ದಿದ್ದರೆ ಅವನು ಆರು ವರ್ಷ ಮುಂಚೆಯೇ ಸಿಕ್ಕಿಬೀಳುತ್ತಿದ್ದ.

ಲಂಗಗಳ ರಾಶಿಯನ್ನು ಹಾಗೇ ಬಿಟ್ಟು, ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅವಳ ಜೊತೆ ಹೊರಟೆ.

ವಾರ್ಡಿನಲ್ಲಿ ಅವನನ್ನು ನೋಡಲು ಮನೋವೈದ್ಯೆಯೊಬ್ಬರು ಬಂದಿದ್ದರು. ಚಿಕ್ಕ ವಯಸ್ಸು, ಬಿಳಿ ಕೋಟಿನ ತೋಳು ಉದ್ದ, ಎರಡು ಮಡಿಕೆ ಮಡಚಿದ್ದರು. ಕೈಯಲ್ಲಿ ತಮ್ಮ ತುಂಬಿಕೊಟ್ಟ ಫಾರಮ್ಮು. ನಲವತ್ತು ಪ್ರಶ್ನೆ, ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಕೆಟ್ಟ ಕನಸು? ಇಲ್ಲ. ಸದ್ದಿಗೆ ಬೆಚ್ಚುವುದು? ಇಲ್ಲ. ಊಟ ಬಿಡುವುದು? ಇಲ್ಲ. ಗೆರೆ ಎಳೆದ ಹಾಗೆ ನಲವತ್ತು ಇಲ್ಲಗಳು.

"ಮೂವತ್ತೊಂದನೇ ಪ್ರಶ್ನೆ ಓದ್ತೀನಿ ಕೇಳಿ," ಎಂದರು ಡಾಕ್ಟರು. "ಮನೆಯಲ್ಲಿ ನಿಮ್ಮನ್ನು ಪ್ರೀತಿಸುವವರು ಇದ್ದಾರೆಯೇ? ಇಲ್ಲ ಅಂತ ಗುರುತು ಹಾಕಿದ್ದೀರಿ."

ತಮ್ಮನ ಹೆಂಡತಿ ಅಷ್ಟು ದುಃಖದಲ್ಲೂ ಸಿಡಿದಳು. "ಓಹೋ! ಹಾಗಾದ್ರೆ ಹನ್ನೊಂದು ವರ್ಷದಿಂದ ನಾನು ಯಾರು, ಮನೆ ಕಾಯೋಳಾ?"

ತಮ್ಮ ಕಂಗಾಲಾದ. "ಅಯ್ಯೋ, ಓದ್ಲಿಲ್ಲ ಕಣೇ. ನಾವು ಓದಲ್ಲ."

"ನಾವು ಅಂದ್ರೆ?" ಎಂದರು ಡಾಕ್ಟರು.

ಆಗ ಹೊರಬಿತ್ತು ಆ ವಿಷಯ. ಸೈನ್ಯದಲ್ಲಿ ರಜೆಗೆ ಹೊರಡುವ ಮುಂಚೆ ಅವರಿಗೆಲ್ಲ ಇಂಥದೇ ಫಾರಮ್ಮು ಕೊಡುತ್ತಿದ್ದರಂತೆ. ಒಂದೇ ಒಂದು ಕಡೆ ಹೌದು ಎಂದರೂ ತಪಾಸಣೆಗೆ ಕಳಿಸುತ್ತಿದ್ದರು, ರಜೆ ಮಣ್ಣುಪಾಲು. ಹಳಬರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಓದಬೇಡ, ಮೇಲಿಂದ ಕೆಳಗೆ ಇಲ್ಲ ಎಂದು ಹೊಡೆದುಕೊಂಡು ಹೋಗು, ಮನೆ ಸೇರಿಕೋ. ಹತ್ತು ವರ್ಷ ಹಾಗೆ ಹೊಡೆದವನು, ಆಮೇಲೆ ಹೋದ ಪ್ರತಿ ಆಸ್ಪತ್ರೆಯಲ್ಲೂ ಹಾಗೇ ಹೊಡೆದಿದ್ದ. ಆ ಡಾಕ್ಟರುಗಳಿಗೆ ನಾನು ಎಷ್ಟು ಶಾಪ ಹಾಕಿದ್ದೆನೋ, ಅದರಲ್ಲಿ ಅರ್ಧ ವಾಪಸು ತೆಗೆದುಕೊಂಡೆ. ನಕ್ಕವನದ್ದು ಹಾಗೇ ಇರಲಿ.

ಡಾಕ್ಟರು ಫಾರಮ್ಮನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಅಳತೆ ಪುಸ್ತಕ ತೆರೆದು ಅವರ ಕೈಗೆ ಕೊಟ್ಟೆ. "ಮೇಡಂ, ಇದರಲ್ಲಿ ಅವನು ಸುಳ್ಳು ಹೇಳಿಲ್ಲ. ಅಳೆದವಳು ನಾನು."

ಅವರು ಓದಿದರು. ನಾನು ಬರೆದ ಪುಟವನ್ನು ಅಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ. ಬೆರಳು ತಾರೀಖುಗಳ ಮೇಲೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. "ಆರು ವರ್ಷದಲ್ಲಿ ಐದು ಸಲ, ಶಾಲೆ ಶುರುವಾಗೋ ಹಿಂದಿನ ತಿಂಗಳಲ್ಲೇ ಇಳಿದಿದೆ. ಎರಡು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಏರಿದೆ. ಆ ತಿಂಗಳು ಏನಾಗಿತ್ತು?"

ಸಮವಸ್ತ್ರದ ಗಡಿಬಿಡಿಯ ತಿಂಗಳು. ಪ್ರತಿ ವರ್ಷ ನಾನು ಬೇರೆಯವರ ಮಕ್ಕಳ ಲಂಗಕ್ಕೆ ಬಗ್ಗಿದ್ದಾಗ ಅವನು ಬಂದು ನಿಂತಿದ್ದ.

ತಮ್ಮ ಕಿಟಕಿಯ ಕಡೆ ತಿರುಗಿಕೊಂಡ. ಹೆಂಡತಿ ಅವನ ಪಾದದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಕಿಟಕಿಗೇ ಹೇಳುವವನ ಹಾಗೆ ಶುರು ಮಾಡಿದ.

"ಸೈನ್ಯದಲ್ಲಿದ್ದಾಗ, ಅದೇ ತಿಂಗಳು, ಗುಡ್ಡದ ಮೇಲೆ ಆರು ಜನ ಇದ್ವಿ. ಕೆಳಗಿನ ದಾರಿ ಶತ್ರುಗಳ ಕೈಗೆ ಹೋಯ್ತು. ಮೂರು ದಿನದ ತಿಂಡಿ ಇತ್ತು, ಹನ್ನೊಂದು ದಿನ ಆಯ್ತು. ಪಾಲು ಹಾಕೋನು ನಾನು. ಕೈ ಸರಿ ಅಂತ ನನ್ನನ್ನ ತಕ್ಕಡಿ ಅಂತಾನೇ ಕರೀತಿದ್ರು. ಒಬ್ಬನಿಗೆ ಉದ್ದ ಅಂತ ಹೆಸರು, ಕಾಲು ಚಾಚಿದ್ರೆ ಡೇರೆಯಿಂದ ಹೊರಗೆ ಬರ್ತಿತ್ತು. ನಾಲ್ಕನೇ ದಿನ ಅವನಿಗೆ ಹೊಟ್ಟೆಗೆ ಗುಂಡೇಟು ಬಿತ್ತು. ನನ್ನ ಪಾಲು ನೀನು ತಿನ್ನೋ ತಕ್ಕಡಿ, ನೀನು ಕೆಳಗಿಳಿದು ನೀರು ತರ್ಬೇಕು ಅಂದ. ತಿಂದೆ. ಬೇರೆಯವರಿಗೆ ಕಾಣದ ಹಾಗೆ ಬಂಡೆ ಕಡೆ ತಿರುಗಿ ದಿನಾ ತಿಂದೆ. ಒಂಬತ್ತನೇ ದಿನ ಅವನು ಕೇಳಿದ. ಒಂದು ತುಂಡು ಬಿಸ್ಕತ್ತು ಇದ್ಯೇನೋ ಅಂದ. ಆಗ ತಾನೇ ತಿಂದಿದ್ದೆ. ಬಾಯಲ್ಲಿ ಇನ್ನೂ ಅದರ ಪುಡಿ ಇತ್ತು. ಇಲ್ಲ ಅಂದೆ. ಸಂಜೆಗೆ ಹೋಗ್ಬಿಟ್ಟ."

ಡಾಕ್ಟರು ಮೆಲ್ಲಗೆ ಹೇಳಿದರು, "ಹೊಟ್ಟೆಗೆ ಅಂಥ ಗಾಯ ಆದವರಿಗೆ ತಿನ್ನೋಕೆ ಕೊಡಬಾರದು. ಕೊಟ್ಟಿದ್ರೂ ಅವರು ಉಳೀತಿರ್ಲಿಲ್ಲ."

"ಗೊತ್ತು ಮೇಡಂ. ಅವತ್ತೇ ಗೊತ್ತಿತ್ತು. ಆದ್ರೆ ಆ ತಿಂಗಳು ಬಂದ್ರೆ ಬಾಯಿಗಿಟ್ಟಿದ್ದೆಲ್ಲ ಆ ಪುಡಿಯಾಗುತ್ತೆ. ಇಳಿಯಲ್ಲ. ಆಮೇಲೆ ಹಸಿವು ಬಂತು ಅಂದ್ರೆ ಪ್ರಾಣಿ ಹಾಗೆ ಬರುತ್ತೆ, ಆಗ ಗೋಡೆ ಬೇಕು."

ಪರದೆಯ ಹಿಂದಿನ ಆ ಮುಖ ನೆನಪಾಯಿತು. ಮಿಷನ್ನು ತುಳಿಯುವ ಬದಲು ಅವತ್ತು ಅವನ ಬೆನ್ನ ಮೇಲೆ ಒಂದು ಕೈ ಇಟ್ಟಿದ್ದರೆ ಎಂದು ಸಂಕಟವಾಯಿತು. ಈಗಲೂ ಆಗುತ್ತದೆ.

ಅವನ ಚೀಟಿಯ ಮೇಲೆ ಎರಡು ಕಾಯಿಲೆಯ ಹೆಸರು ಬರೆದರು. ಒಂದು, ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದುಕೊಂಡಿದ್ದಕ್ಕೆ. ಇನ್ನೊಂದು, ಊಟದ ಕಾಯಿಲೆಗೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಪ್ರಯೋಜನವಿಲ್ಲ, ಸೈನ್ಯದಿಂದ ಬಂದ ಗಂಡಸರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಹೆಸರು ಸಿಕ್ಕಿದ ಮಾತ್ರಕ್ಕೆ ಕಾಯಿಲೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಆ ದಿನದಿಂದ ಮನೆಯಲ್ಲಿ ಅವನನ್ನು ಯಾರೂ ಮೊಂಡ ಎನ್ನಲಿಲ್ಲ, ಹೆಂಡತಿ ತನ್ನ ಅಡುಗೆಯನ್ನು ಹಳಿದುಕೊಳ್ಳಲಿಲ್ಲ. ಅಷ್ಟು ಉಪಕಾರವನ್ನು ಆ ಎರಡು ಹೆಸರುಗಳು ಮಾಡಿದವು.

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಾತು, ದಿನಕ್ಕೆ ಎರಡು ಮಾತ್ರೆ, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ. ಮಗಳ ಪಕ್ಕ ಕೂತು ತಿನ್ನಬೇಕು ಎಂಬುದು ಡಾಕ್ಟರ ಅಪ್ಪಣೆ. ಮೊದಲ ದಿನ ಕುರ್ಚಿಯ ತುದಿಯಲ್ಲಿ, ಬಸ್ಸು ಬಂದರೆ ಓಡುವವನ ಹಾಗೆ ಕೂತಿದ್ದನಂತೆ. ಮಗಳು, "ಅಪ್ಪಾ, ಪೂರ್ತಿ ಕೂತ್ಕೋ" ಎಂದು ಅವನ ಅಂಗಿ ಹಿಡಿದು ಎಳೆದಳಂತೆ. ಸೊಂಟ ಮೆಲ್ಲಗೆ ಮೂವತ್ತೆರಡಕ್ಕೆ ಬಂತು, ಅಲ್ಲೇ ನಿಂತಿತು. ಏಳು ತಿಂಗಳು ಅದೇ ಅಂಕಿಯನ್ನು ಬರೆಯುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದು ಹೇಳಲಾರೆ.

ಮತ್ತೆ ಆ ತಿಂಗಳು ಬಂತು. ಈ ಸಲ ನಾನು ಎರಡು ಶಾಲೆಯ ಕೆಲಸವನ್ನು ಬೇರೆ ಟೇಲರಿಗೆ ಬಿಟ್ಟುಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಬಂದೇ ಬಂದ, ಮೊನ್ನೆ ಮಂಗಳವಾರ ಮಧ್ಯಾಹ್ನ. ಚೀಲ ತಂದಿರಲಿಲ್ಲ. ಹಾಕಿಕೊಂಡಿದ್ದ ಪ್ಯಾಂಟನ್ನೇ ಒಂದು ಕೈಯಲ್ಲಿ ಸೊಂಟದ ಹತ್ತಿರ ಮುದುರಿ ಹಿಡಿದಿದ್ದ.

"ಅಕ್ಕಾ, ಒಂದೇ ಒಂದು ಸಲ. ಸ್ವಲ್ಪ ಹಿಡಿದು ಕೊಡು. ಅವಳು ನೋಡಿದ್ರೆ ಎದೆ ಒಡ್ಕೋತಾಳೆ."

"ಆಗಲ್ಲ."

"ಎರಡೇ ಇಂಚು."

"ಅರ್ಧ ಇಂಚೂ ಆಗಲ್ಲ," ಎಂದೆ ಕಡ್ಡಿ ಮುರಿದ ಹಾಗೆ. ಹೇಳಿದ್ದೇನೋ ಹೇಳಿದೆ, ಕೈ ತಾನಾಗಿ ಸೂಜಿಯ ಡಬ್ಬಿಯ ಕಡೆ ಹೋಯಿತು. ತಮ್ಮ ಪ್ಯಾಂಟು ಹಿಡಿದು ನಿಂತ ರೀತಿ ನೋಡಿದರೆ ಚಿಕ್ಕವನಿದ್ದಾಗ ಚಡ್ಡಿಯ ಗುಂಡಿ ಕಿತ್ತುಕೊಂಡು ಬಂದು ನಿಲ್ಲುತ್ತಿದ್ದ ಹಾಗೇ ಇತ್ತು. ಆಗ ಹೊಲಿದು ಕೊಟ್ಟಿದ್ದೆ. ಹೊಲಿಯುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ?

ನನ್ನ ಊಟದ ಡಬ್ಬಿ ಕತ್ತರಿಸುವ ಮೇಜಿನ ಮೇಲಿತ್ತು. ತೆರೆದು ಅವನ ಮುಂದೆ ತಳ್ಳಿದೆ. ಅನ್ನ, ಬೇಳೆ, ಒಂದು ಬೇಯಿಸಿದ ಮೊಟ್ಟೆ. "ನಾನಿನ್ನೂ ತಿಂದಿಲ್ಲ. ಪಾಲು ಹಾಕು. ನಿನ್ನ ಕೈ ಸರಿಯಲ್ವಾ?"

ಅವನು ನನ್ನ ಮುಖ ನೋಡಿದ, ಡಬ್ಬಿ ನೋಡಿದ. ಸ್ಟೂಲು ಎಳೆದುಕೊಂಡು ಕೂತ. ದಾರ ಕತ್ತರಿಸುವ ಹಾಗೆ ಚಮಚದ ಅಂಚಿನಿಂದ ಮೊಟ್ಟೆ ಕತ್ತರಿಸಿದ. ಅನ್ನವನ್ನು ಸರಿಸಿ ಗೆರೆ ಮಾಡಿದ. ಮುಗಿಸಿದಾಗ ನೋಡಿದೆ, ಮೂರು ಪಾಲು ಇದ್ದವು. ಮೂರೂ ಸಮ.

ಏನಾದರೂ ಕೇಳಿದರೆ ಎದ್ದು ಹೋಗುತ್ತಾನೆಂಬ ಹೆದರಿಕೆಯಿಂದ ನನ್ನ ಪಾಲನ್ನು ಎಳೆದುಕೊಂಡು ತಿಂದೆ. ಅವನು ತನ್ನದನ್ನು ತಿಂದ. ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ, ಗಂಟಲ ಮೇಲೆ ಬೆರಳಿಟ್ಟುಕೊಂಡು ಇಳಿಸಿದ. ಬಾಗಿಲ ಕಡೆ ಎರಡು ಸಲ ನೋಡಿದ, ಆದರೆ ಏಳಲಿಲ್ಲ. ಡಬ್ಬಿಯ ಮೂಲೆಯಲ್ಲಿ ಮೂರನೆಯ ಪಾಲು ಉಳಿಯಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಹೊರಗೆ ಯಾರೋ ಬಂದು "ಟೇಲರಮ್ಮ, ಲಂಗ ಆಯ್ತಾ?" ಎಂದು ಕೇಳಿದರು. "ನಾಳೆ ಬನ್ನಿ" ಎಂದು ಕೂಗಿದೆ.

ತಮ್ಮ ಚಮಚ ತೆಗೆದುಕೊಂಡು ಆ ಪಾಲಿನ ನಡುವೆ ಗೆರೆ ಎಳೆದ. ಅರ್ಧವನ್ನು ನನ್ನ ಕಡೆ ಸರಿಸಿದ.

"ಅವತ್ತು ಒಬ್ಬನೇ ತಿಂದೆ ಅಕ್ಕಾ," ಎಂದ.

ಆ ಅನ್ನವನ್ನು ನಾನು ಅಳುತ್ತಲೇ ತಿಂದೆ. ಅವನೂ ತಿಂದ, ನನ್ನ ಎದುರೇ ಕೂತು. ಮುಗಿದ ಮೇಲೆ ಎದ್ದು ಕೈ ತೊಳೆದುಕೊಂಡು ಬಂದ. ಟೇಪು ತೆಗೆದುಕೊಂಡು ಅವನ ಸೊಂಟ ಅಳೆದೆ, ಮೂವತ್ತು. ತಾರೀಖು ಹಾಕಿ ಪುಸ್ತಕದಲ್ಲಿ ಬರೆದೆ. ಪ್ಯಾಂಟಿಗೆ ಸೂಜಿ ಮುಟ್ಟಿಸಲಿಲ್ಲ.

"ಹೀಗೇ ಹೋಗ್ಲಾ?" ಎಂದು ಕೇಳಿದ.

"ಹೀಗೇ ಹೋಗು. ಅವಳು ನೋಡ್ಲಿ."

ಸಡಿಲ ಪ್ಯಾಂಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಅವನು ರಸ್ತೆ ದಾಟಿ ಮನೆಯ ಕಡೆ ನಡೆದ. ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.